ಕುಳಿತರೆ ಉರಿ, ನಡೆದರೆ ಸೆಳೆತ: ನರದ ನೋವಿನ ಮೂಲ ಹುಡುಕುವುದು ಹೇಗೆ?

ಕಿಬ್ಬೊಟ್ಟೆಯ ಕೆಳಗೆ, ಗುದದ ಸುತ್ತ, ತೊಡೆಯ ಹಿಂದೆ ತಿಂಗಳುಗಟ್ಟಲೆ ಉರಿ, ಜೋಮು, ಸೆಳೆತ ಇರುವವರು ಸಾಮಾನ್ಯವಾಗಿ ಮೊದಲು ಹೋಗುವುದು ಸ್ಕ್ಯಾನಿಂಗ್ ಸೆಂಟರ್‌ಗೆ. ಸೊಂಟದ ಎಂಆರ್‌ಐ ಆಗುತ್ತದೆ, ವರದಿಯಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಬಲ್ಜ್’ (ಕೆಳಬೆನ್ನಿನ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಬರುತ್ತದೆ, ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಬೆಲ್ಟು, ಟ್ರ್ಯಾಕ್ಷನ್, ಇಂಜೆಕ್ಷನ್ ಎಲ್ಲ ಮುಗಿದ ಮೇಲೂ ನೋವು ಇದ್ದಲ್ಲೇ ಇರುತ್ತದೆ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಗೆ ಎಂಆರ್‌ಐ ಮಾಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಹಾಗಾಗಿ ಉಬ್ಬಿದ ಡಿಸ್ಕ್ ಕಂಡ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತೆಂದು ತಿಳಿಯಬೇಡಿ. ಮೊದಲು ನೋವಿನ ವಿವರ ಕೂಡಿಸಬೇಕು, ಸ್ಕ್ಯಾನ್ ಆಮೇಲೆ.

ಎಲ್ಲಕ್ಕಿಂತ ಮೊದಲು

ಮೂತ್ರ ಕಟ್ಟಿಕೊಂಡರೆ ಅಥವಾ ಹೋದದ್ದೇ ಗೊತ್ತಾಗದಿದ್ದರೆ, ಮಲ ತಡೆಯಲಾಗದಿದ್ದರೆ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲಿಗೆ ನೋವು ಇಳಿದು ಬಲ ಕುಂದಿದರೆ ಕೆಳಗಿನ ಯಾವ ಹಂತಕ್ಕೂ ಕಾಯಬೇಡಿ. ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಗಲೇ ಹೊರಡಿ. ಬೆನ್ನುಹುರಿಯ ತುದಿಯ ನರಗಳ ಗೊಂಚಲು ಅದುಮಿಹೋಗಿದ್ದರೆ ತಡವಾದಷ್ಟೂ ಮೂತ್ರದ ಹತೋಟಿ ಮರಳಿ ಬರುವ ಸಾಧ್ಯತೆ ಕಡಿಮೆ. ನೋವಿನ ಜೊತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಬೇಗ ತಪಾಸಣೆ ಮಾಡಿಸಬೇಕು.

ಹಂತ 1: ನೋವಿನ ನಕ್ಷೆ

ಜನ ಎಡವುವುದು ಇಲ್ಲೇ. ‘ಸೊಂಟದಿಂದ ಕಾಲಿಗೆ ಎಳೀತದೆ ಡಾಕ್ಟ್ರೇ’ ಎಂದರೆ ವೈದ್ಯರಿಗೆ ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು) ಬಿಟ್ಟು ಬೇರೇನೂ ಹೊಳೆಯದು. ನಿಮ್ಹಾನ್ಸ್ ಇರಲಿ, ಜಿಲ್ಲಾಸ್ಪತ್ರೆ ಇರಲಿ, ಜನ ತುಂಬಿದ ಒಪಿಡಿಯಲ್ಲಿ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಎಲ್ಲ ಹೇಳಬೇಕಾದರೆ ಮನೆಯಲ್ಲೇ ತಯಾರಾಗಿ ಹೋಗಬೇಕು.

ಬಿಳಿ ಹಾಳೆಯ ಮೇಲೆ ದೇಹದ ಮುಂಭಾಗ, ಹಿಂಭಾಗ ಬರೆದುಕೊಳ್ಳಿ. ಮೂರನೆಯ ಚಿತ್ರವನ್ನು ಬಹುತೇಕ ಎಲ್ಲರೂ ಬಿಡುತ್ತಾರೆ: ಕಾಲು ಅಗಲಿಸಿ ಮಲಗಿದಾಗ ಕಾಣುವ ಜನನಾಂಗ, ಗುದ ಮತ್ತು ಅವೆರಡರ ನಡುವಿನ ಜಾಗ. ನಾಚಿಕೆಯಿಂದ ಇದನ್ನು ಮುಚ್ಚಿಟ್ಟು ‘ಸೊಂಟನೋವು’ ಎಂದು ಹೇಳಿಯೇ ವರ್ಷಗಳು ಕಳೆದುಹೋಗುತ್ತವೆ. ಬಾಯಿಬಿಟ್ಟು ಹೇಳಲು ಕಷ್ಟವಾದರೆ ಹಾಳೆಯನ್ನು ಮೇಜಿನ ಮೇಲಿಡಿ, ಅಷ್ಟೇ ಸಾಕು.

ಉರಿಗೆ ಅಡ್ಡಗೆರೆ, ಮರಗಟ್ಟಿದ ಜಾಗಕ್ಕೆ ಸೊನ್ನೆ, ಕರೆಂಟ್ ಹೊಡೆದಂಥ ಚಳಕಿಗೆ ಬಾಣ, ಒಳಗಿನ ಭಾರಕ್ಕೆ ಚುಕ್ಕೆ ಹಾಕಿ. ಒಂದೇ ಬೆರಳಲ್ಲಿ ತೋರಿಸಬಹುದಾದ ಜಾಗವಿದ್ದರೆ ಅದಕ್ಕೆ ಸುತ್ತು ಹಾಕಿ. ಅಂಗೈ ಇಟ್ಟು ತೋರಿಸುವ ನೋವಿಗಿಂತ ಬೆರಳಿಟ್ಟು ತೋರಿಸುವ ನೋವಿನ ಸುಳಿವು ಗಟ್ಟಿ. ನೋವು ಪಾದದವರೆಗೆ ಹೋದರೆ ಯಾವ ಬೆರಳಿಗೆ ಎಂಬುದನ್ನೂ ಗುರುತು ಮಾಡಿ.

ಜೊತೆಗೆ 14 ದಿನ ಡೈರಿ ಬರೆಯಿರಿ. ಮುಟ್ಟಾಗುವ ಹೆಣ್ಣುಮಕ್ಕಳು ಎರಡು ಪೂರ್ತಿ ಋತುಚಕ್ರ ಬರೆಯಲೇಬೇಕು. ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟರೆ ಸಾಲದು. ಕುಳಿತ ಎಷ್ಟು ನಿಮಿಷಕ್ಕೆ ನೋವು ಶುರುವಾಯಿತು? ಪ್ಲಾಸ್ಟಿಕ್ ಕುರ್ಚಿ, ಸೋಫಾ, ಸ್ಕೂಟರ್, ಕಮೋಡ್‌ ನಡುವೆ ವ್ಯತ್ಯಾಸವಿದೆಯೇ? ಕೆಮ್ಮಿದರೆ, ಸೀನಿದರೆ ಕಾಲಿಗೆ ಹೊಡೆಯುತ್ತದೆಯೇ? ನಿದ್ದೆಯಿಂದ ಎಬ್ಬಿಸುತ್ತದೆಯೇ? ಮೂತ್ರ, ಮಲ, ಸಂಭೋಗದ ಹೊತ್ತಿನಲ್ಲಿ ಏನಾಗುತ್ತದೆ? ಹೆರಿಗೆ, ಹರ್ನಿಯಾ ಅಥವಾ ಗರ್ಭಕೋಶದ ಶಸ್ತ್ರಚಿಕಿತ್ಸೆ, ಬಿದ್ದ ಪೆಟ್ಟು, ಆ ಜಾಗದಲ್ಲಿ ಹಿಂದೆ ಎದ್ದ ಸರ್ಪಸುತ್ತಿನ ಗುಳ್ಳೆ, ಇವಕ್ಕೆ ತಿಂಗಳು ಮತ್ತು ವರ್ಷ ನಮೂದಿಸಿ.

ಹಂತ 2: ನಕ್ಷೆ ಏನು ಹೇಳುತ್ತದೆ

ಕೆಮ್ಮಿದಾಗ ಹೊಡೆದು ಕಾಲಿನ ಹೊರಬದಿಯಿಂದ ಹೆಬ್ಬೆರಳಿಗೆ ಇಳಿಯುವ ನೋವು ಎಲ್‌5 ನರಮೂಲದ (ಕೆಳಬೆನ್ನಿನ ಐದನೆಯ ನರ ಬೆನ್ನುಹುರಿಯಿಂದ ಹೊರಡುವ ಬುಡ) ಕಡೆಗೆ ಬೊಟ್ಟು ಮಾಡುತ್ತದೆ. ಮೀನಖಂಡದ ಹಿಂದಿನಿಂದ ಕಿರುಬೆರಳಿಗೆ ಇಳಿದರೆ ಎಸ್‌1, ಅಂದರೆ ಅದರ ಕೆಳಗಿನ ತ್ರಿಕಾಸ್ಥಿಯ ಮೊದಲ ನರಮೂಲ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ, ಮುಂದೆ ಬಾಗಿ ಕುಳಿತರೆ ಹಗುರಾಗುವುದು ಬೆನ್ನುಹುರಿಯ ಕಾಲುವೆ ಕಿರಿದಾದಾಗ. ತೊಡೆಯ ಹೊರಬದಿಯಲ್ಲಿ ಮಾತ್ರ ಉರಿ, ಬಲ ಪೂರ್ತಿ ಸರಿ ಎಂದಾದರೆ ಸೊಂಟದ ಬಿಗಿಯಾದ ಬೆಲ್ಟು, ಏರಿದ ತೂಕ, ಸಕ್ಕರೆ ಕಾಯಿಲೆ ನೋಡಿ. ಅಲ್ಲಿ ಚರ್ಮದ ಒಂದೇ ನರ ಸಿಕ್ಕಿಕೊಂಡಿರಬಹುದು. ನೋವು ತೊಡೆಸಂದಿನಲ್ಲಿದ್ದು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿದ್ದರೆ ಮೂಲ ನರವೇ ಅಲ್ಲದೆ ಸೊಂಟದ ಕೀಲಾಗಿರಬಹುದು.

ಕುಳಿತರೆ ಜನನಾಂಗದಿಂದ ಗುದದವರೆಗಿನ ಜಾಗದಲ್ಲಿ ಉರಿ, ಕಮೋಡ್ ಮೇಲೆ ಕುಳಿತರೆ ಆರಾಮ, ರಾತ್ರಿ ಎಬ್ಬಿಸುವುದಿಲ್ಲ: ಇದು ಪ್ಯುಡೆಂಡಲ್ ನರದ ಚಿತ್ರ. ಎಸ್‌2ರಿಂದ ಎಸ್‌4ರವರೆಗಿನ ಮೂಲಗಳಿಂದ ಹೊರಡುವ ಈ ನರ ಸಿಕ್ಕಿಕೊಂಡಿದೆ ಎನ್ನಲು 2008ರಲ್ಲಿ ಪ್ರಕಟವಾದ ನಾಂತ್ (ಫ್ರಾನ್ಸಿನ ನಗರ) ಮಾನದಂಡ ಐದು ಅಂಶ ಕೇಳುತ್ತದೆ: ನೋವು ಆ ನರದ ಹರವಿನಲ್ಲಿರಬೇಕು, ಕುಳಿತಾಗ ಹೆಚ್ಚಬೇಕು, ನಿದ್ದೆಯಿಂದ ಎಬ್ಬಿಸಬಾರದು, ತಪಾಸಣೆಯಲ್ಲಿ ಸ್ಪರ್ಶ ಕಳೆದುಹೋಗಿರಬಾರದು, ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ನೋವು ಇಳಿಯಬೇಕು. ಸ್ಪರ್ಶವೇ ಹೋಗಿದ್ದರೆ ಮೇಲಿನ ನರಮೂಲಗಳನ್ನು ಹುಡುಕಬೇಕು.

ಈ ನರ ಕಾಲಿಗೆ ಇಳಿಯುವುದಿಲ್ಲ ಎಂಬುದನ್ನು ನೆನಪಿಡಿ. ಕೂರುವ ಜಾಗದ ಉರಿ ಮತ್ತು ಕಾಲಿನ ಹಿಂಭಾಗದ ನೋವು ಒಟ್ಟಿಗೆ ಇದ್ದರೆ ಎರಡೂ ದಾರಿ ಸೇರುವ ಜಾಗಗಳನ್ನು ನೋಡಬೇಕು: ಎಸ್‌2–ಎಸ್‌3 ಮೂಲ, ಸ್ಯಾಕ್ರಲ್ ಪ್ಲೆಕ್ಸಸ್ (ಆ ಮೂಲಗಳ ನರಗಳು ಹೆಣೆದುಕೊಳ್ಳುವ ಜಾಲ), ಪೃಷ್ಠದ ಒಳಸ್ನಾಯುಗಳ ಸಂದು. ಆ ನೋವು ತಿಂಗಳು ತಿಂಗಳು ಮುಟ್ಟಿನ ಜೊತೆ ಏರಿಳಿದರೆ ನರದ ಸುತ್ತ ಬೆಳೆದ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಅಲ್ಟ್ರಾಸೌಂಡ್ ನಾರ್ಮಲ್ ಬಂದರೂ ಅದನ್ನು ತಳ್ಳಿಹಾಕಲಾಗದು.

ಹಂತ 3: ಮೈಮುಟ್ಟಿ ತಪಾಸಣೆ

ಹೊಟ್ಟೆ, ತೊಡೆಸಂದು, ಸೊಂಟದ ಕೀಲು, ಕಾಲಿನ ಬಲ, ಸ್ಪರ್ಶ, ಹಿಮ್ಮಡಿಯ ರಿಫ್ಲೆಕ್ಸ್ ಎಲ್ಲವನ್ನೂ ಒಂದೇ ಕೂರಿಕೆಯಲ್ಲಿ ನೋಡುವ ವೈದ್ಯರ ಹತ್ತಿರ ಮೊದಲು ಹೋಗಿ, ನಂತರ ಅವರು ಹೇಳಿದ ತಜ್ಞರ ಬಳಿಗೆ. ಮುಟ್ಟದೆಯೇ ಸ್ಕ್ಯಾನ್ ಬರೆದುಕೊಟ್ಟರೆ ಇನ್ನೊಬ್ಬರನ್ನು ನೋಡುವುದು ಲೇಸು.

ಹಂತ 4: ರಕ್ತ ಪರೀಕ್ಷೆ

ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ವಿಟಮಿನ್ ಬಿ12, ಟಿಎಸ್‌ಎಚ್ (ಥೈರಾಯ್ಡ್), ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ಮತ್ತು ಮೂತ್ರ ಪರೀಕ್ಷೆ ಆರಂಭಕ್ಕೆ ಸಾಕು. ರಕ್ತ ಕೊಡುವ ಮುಂಚೆಯೇ ‘ನರದ ಶಕ್ತಿಗೆ’ ಬಿ12 ಇಂಜೆಕ್ಷನ್ ಹಾಕಿಸಿಕೊಂಡರೆ ಕೊರತೆ ಇದ್ದರೂ ಕಾಣುವುದಿಲ್ಲ. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು ಈ ತಪ್ಪು ಮಾಡಲೇಬಾರದು. ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನರದ ಮಾತ್ರೆಗಳನ್ನೂ ಪರೀಕ್ಷಿಸಿ: ಅವುಗಳಲ್ಲಿನ ವಿಟಮಿನ್ ಬಿ6 ಪ್ರಮಾಣ ಅತಿಯಾದರೆ ಅದೇ ನರಗಳನ್ನು ಕೆಡಿಸುತ್ತದೆ. ಹೆಸರಿಲ್ಲದ ಪೊಟ್ಟಣದ ನೋವಿನ ಪುಡಿ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ ರೋಗಲಕ್ಷಣ ಮಸುಕಾಗುತ್ತದೆ, ತೊಡೆಮೂಳೆಯ ತಲೆಯೂ ಸಾಯಬಹುದು. ಅಯಸ್ಕಾಂತದ ಬೆಲ್ಟಿಗೆ ಕೊಡುವ ಹಣವನ್ನು ಈ ಪರೀಕ್ಷೆಗಳಿಗೆ ಉಳಿಸಿ.

ಹಂತ 5: ಸರಿಯಾದ ಸ್ಕ್ಯಾನ್

ಮಾಮೂಲಿ ಸೊಂಟದ ಎಂಆರ್‌ಐ ನೋಡುವುದು ಬೆನ್ನುಮೂಳೆ ಮತ್ತು ಡಿಸ್ಕ್‌ಗಳನ್ನು. ಅಲ್ಲಿಂದ ಹೊರಬಿದ್ದ ನರ ಪೃಷ್ಠದೊಳಗೆ ಹೋಗುವ ದಾರಿ ಅದರಲ್ಲಿ ಸರಿಯಾಗಿ ಕಾಣದು. ಕೂರುವ ಜಾಗದ ನೋವಿಗೆ ಪೆಲ್ವಿಸ್ (ಕಟಿಭಾಗದ) ಎಂಆರ್‌ಐ ಅಥವಾ ಲಂಬೋಸ್ಯಾಕ್ರಲ್ ಪ್ಲೆಕ್ಸಸ್‌ನ ಎಂಆರ್ ನ್ಯೂರೋಗ್ರಫಿ (ನರಗಳನ್ನೇ ಎದ್ದು ತೋರಿಸುವ ಎಂಆರ್‌ಐ) ಬೇಕೇ ಎಂದು ವೈದ್ಯರನ್ನು ಕೇಳಿ. ಹೆಚ್ಚು ಕಾಂತಶಕ್ತಿಯ 3 ಟೆಸ್ಲಾ ಯಂತ್ರವಿದ್ದರೆ ಒಳ್ಳೆಯದು. ಚೀಟಿಯಲ್ಲಿ ಬರೀ ‘ನೋವು’ ಎಂದಿದ್ದರೆ ರೇಡಿಯಾಲಜಿಸ್ಟ್ ಎಲ್ಲಿ ಕಣ್ಣಿಡಬೇಕು? ‘ಎಡಬದಿ, ಕುಳಿತರೆ ಹೆಚ್ಚು, ತೊಡೆ ಹಿಂಭಾಗಕ್ಕೆ ಇಳಿಯುತ್ತದೆ, 8 ತಿಂಗಳು’ ಎಂಬಂಥ ಒಂದು ಸಾಲು ಬರೆಸಿ. ಫಿಲ್ಮ್ ಜೊತೆಗೆ ಸಿಡಿ ತೆಗೆದುಕೊಳ್ಳಿ, ಮರುಓದಿಗೆ ಅದೇ ಬೇಕು. ಟಾರ್ಲೋವ್ ಸಿಸ್ಟ್ (ನರಮೂಲದ ಮೇಲಿನ ದ್ರವ ತುಂಬಿದ ಚೀಲ) ಎಂದು ವರದಿಯಲ್ಲಿದ್ದರೆ ಗಾಬರಿ ಬೇಡ, ಹೆಚ್ಚಿನವು ತೊಂದರೆ ಕೊಡದವು; ನಕ್ಷೆಗೆ ಹೊಂದಿದರೆ ಮಾತ್ರ ಲೆಕ್ಕಕ್ಕೆ.

ನರದಲ್ಲಿ ಸಂಕೇತ ಓಡುವ ವೇಗ ಅಳೆಯುವ ಎನ್‌ಸಿವಿ, ಸ್ನಾಯುವಿಗೆ ಸೂಜಿ ಇಟ್ಟು ನೋಡುವ ಇಎಂಜಿಗೆ ಹೋಗುವ ದಿನ ಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಪೆಟ್ಟಾದ ಮೂರು ವಾರಕ್ಕೆ ಮುಂಚೆ ಇಎಂಜಿ ಮಾಡಿಸಿದರೆ ತಪ್ಪಾಗಿ ನಾರ್ಮಲ್ ಬರಬಹುದು. ಉರಿ ಒಯ್ಯುವ ಸಣ್ಣ ನರತಂತುಗಳನ್ನು ಎನ್‌ಸಿವಿ ಅಳೆಯುವುದೇ ಇಲ್ಲ. ಆದ್ದರಿಂದ ವರದಿ ನಾರ್ಮಲ್ ಎಂದ ಮಾತ್ರಕ್ಕೆ ‘ನಿನಗೇನೂ ಆಗಿಲ್ಲ’ ಎಂದು ಮನೆಯವರು ತೀರ್ಪು ಕೊಡಬಾರದು.

ಹಂತ 6: ಪರೀಕ್ಷೆಗಾಗಿ ನರಕ್ಕೆ ಇಂಜೆಕ್ಷನ್

ನೋವು ಚಿಕಿತ್ಸಾ ತಜ್ಞರು ಅಲ್ಟ್ರಾಸೌಂಡ್ ಅಥವಾ ಸಿಟಿ ನೋಡುತ್ತ ಅನುಮಾನದ ನರದ ಪಕ್ಕ ಮರಗಟ್ಟಿಸುವ ಔಷಧಿ ಕೊಡುತ್ತಾರೆ. ಉತ್ತರ ಸಿಗುವುದು ಮೊದಲ ಕೆಲವು ಗಂಟೆಗಳಲ್ಲಿ. ಜನ ಆಗ ಮನೆಗೆ ಬಂದು ಮಲಗಿಬಿಡುತ್ತಾರೆ, ವಾರದ ನಂತರ ‘ಗೊತ್ತಾಗಲಿಲ್ಲ’ ಎನ್ನುತ್ತಾರೆ. ಅಂದು ನೋವು ಇರುವಾಗಲೇ ಹೋಗಿ. ಇಂಜೆಕ್ಷನ್‌ಗೆ ಮುಂಚೆ ಅಂಕ ಬರೆಯಿರಿ, ನಂತರ ಪ್ರತಿ ಅರ್ಧ ಗಂಟೆಗೆ, 6 ಗಂಟೆಯವರೆಗೆ. ವೈದ್ಯರು ಒಪ್ಪಿದರೆ ನೋವು ತರಿಸುವ ಕುರ್ಚಿಯಲ್ಲೇ ಕುಳಿತು ನೋಡಿ. ಜಾಗ ಮರಗಟ್ಟಿತೇ, ನೋವು ಎಷ್ಟು ಇಳಿಯಿತು, ಎಂಬ ಎರಡನ್ನೂ ಬೇರೆ ಬೇರೆ ಬರೆಯಬೇಕು. ಕಾಲು ತಾತ್ಕಾಲಿಕವಾಗಿ ಸೋಲಬಹುದು, ಜೊತೆಗೊಬ್ಬರಿರಲಿ, ಗಾಡಿ ಓಡಿಸಬೇಡಿ.

ಹುಡುಕಾಟ ನಡೆದಿರುವಾಗ ನೋವು ಸಹಿಸಿಕೊಂಡೇ ಇರಬೇಕೆಂದಿಲ್ಲ, ಔಷಧಿ ಕೇಳಿ. ನರದ ನೋವಿಗೆ ಕೊಡುವ ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್ ಶುರುವಾಗಿದ್ದರೆ ಪರೀಕ್ಷೆಯ ನೆಪದಲ್ಲಿ ದಿಢೀರನೆ ನಿಲ್ಲಿಸಬೇಡಿ. ನಕ್ಷೆ, ಡೈರಿ, ವರದಿ, ಸಿಡಿ ಎಲ್ಲ ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿರಲಿ. ಹೊಸ ತಜ್ಞರ ಮುಂದೆ ಮೊದಲು ನಕ್ಷೆ ಇಡಿ, ಎಂಆರ್‌ಐ ವರದಿಯನ್ನು ಅವರು ಕೇಳಿದಾಗ ಕೊಡಿ.