ಕೌದಿಗೆ ಮಶೀನು ಆರಿಸಿದ್ದು ಹೇಗೆ: ನನ್ನ ಅನುಭವ

ಕೌದಿ ಹೊಲಿಯೋಕೆ ಯಾವ ಮಶೀನು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು, ನಿಮ್ಮ ಕೆಲಸ ಕೈಕೊಡುತ್ತಿರುವುದು ಎಲ್ಲಿ ಎಂದು. ತುಂಡು ಜೋಡಿಸುವಾಗ ಮೂಲೆಗಳು ಕೂಡುತ್ತಿಲ್ಲವೋ, ಇಲ್ಲಾ ಮೇಲ್ಬಟ್ಟೆ, ನಡುವಿನ ಮೆತ್ತನೆ ಹಾಸು (ಬ್ಯಾಟಿಂಗ್), ಅಡಿಬಟ್ಟೆ ಈ ಮೂರು ಪದರ ಸೇರಿಸಿ ಹೊಲಿಯುವಾಗ, ಅಂದರೆ ಕ್ವಿಲ್ಟಿಂಗಿನಲ್ಲಿ, ಅಡಿಬಟ್ಟೆ ಸುಕ್ಕುಗಟ್ಟುತ್ತಿದೆಯೋ? ನೋಡುವವರಿಗೆ ಎರಡೂ ಹೊಲಿಗೆಯೇ. ಮಶೀನಿನ ಮಟ್ಟಿಗೆ ಮಾತ್ರ ಅವು ಬೇರೆ ಬೇರೆ ಕಸುಬು. ಜೋಡಿಸುವುದಕ್ಕೆ ಬೇಕಾದ್ದು ಅತ್ತಿತ್ತ ವಾಲದ ನೇರ ಹೊಲಿಗೆ, ಅಷ್ಟೇ. ಕ್ವಿಲ್ಟಿಂಗಿಗೆ ಬೇಕಾದ್ದು ಜಾಗ, ಜೊತೆಗೆ ಮೂರೂ ಪದರವನ್ನು ಒಂದೇ ವೇಗದಲ್ಲಿ ಮುಂದೆ ಸಾಗಿಸುವ ಏರ್ಪಾಡು. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ನೂರಿನ್ನೂರು ಬಗೆಯ ಹೊಲಿಗೆಗಳು ಎರಡಕ್ಕೂ ಬೇಡ. ನಾನಂತೂ ನೇರ ಹೊಲಿಗೆ ಬಿಟ್ಟರೆ ಝಿಗ್‌ಝಾಗ್ ಒಂದನ್ನೇ ಬಳಸಿರುವುದು, ಅದೂ ಬಟ್ಟೆಯ ಮೇಲಿಟ್ಟು ಹೊಲಿಯುವ ಅಪ್ಲಿಕ್ ತುಂಡಿನ ಅಂಚು ಕೂರಿಸೋಕೆ.

ಮೂಲೆ ಕೂಡದಿದ್ದರೆ ಹೆಚ್ಚಿನ ಸಲ ತಪ್ಪು ಮಶೀನಿನದಲ್ಲ, ಕಾಲು ಇಂಚಿನದು. ಕೌದಿಯ ಲೆಕ್ಕವೆಲ್ಲ ನಿಂತಿರುವುದು ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗೆ ಬಿಡುವ ಈ ಕಾಲು ಇಂಚಿನ ಹೊಲಿಗೆಯಂಚಿನ ಮೇಲೆ, ಅಂದರೆ 6.35 ಮಿ.ಮೀ. ಹೊಲಿಗೆ ಒಂದಿಂಚಿನ ಹದಿನಾರನೇ ಒಂದು ಭಾಗದಷ್ಟು ಒಳಗೆ ಸರಿದರೆ ಎರಡೂ ಬದಿ ಸೇರಿ ಎಂಟನೇ ಒಂದು ಇಂಚು ಹೋಯಿತು. ಸಾಲಿನಲ್ಲಿ 12 ಚೌಕಗಳಿದ್ದರೆ 11 ಹೊಲಿಗೆ, ಸಾಲು ಒಂದೂಕಾಲು ಇಂಚಿಗಿಂತ ಹೆಚ್ಚೇ ಗಿಡ್ಡವಾಗುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಆರೇ ದೊಡ್ಡ ಚೌಕಗಳಿದ್ದರೆ ಅಲ್ಲಿ ಹೊಲಿಗೆ ಐದೇ. ಹಾಗಾಗಿ ಎರಡು ಸಾಲುಗಳ ನಡುವೆ ಮುಕ್ಕಾಲು ಇಂಚು ಅಂತರ ಬಂದು ಕೂರುತ್ತದೆ. ಅದನ್ನು ಎಳೆದು ಕೂಡಿಸಲು ಹೋದರೆ ಕೌದಿ ನೆಲದ ಮೇಲೆ ಚಪ್ಪಟೆಯಾಗಿ ಮಲಗುವುದೇ ಇಲ್ಲ.

ಇದಕ್ಕೆ ನಾನು ಮಾಡುವ ಪರೀಕ್ಷೆ ಸುಲಭ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ, ಇಸ್ತ್ರಿ ಒತ್ತಿ, ನಡುವಿನ ಪಟ್ಟಿಯನ್ನು ಅಳೆಯುತ್ತೇನೆ. ಅದು ಸರಿಯಾಗಿ ಒಂದು ಇಂಚು ಬರಬೇಕು. ಬಟ್ಟೆ ಒತ್ತಿಹಿಡಿಯುವ ಮಶೀನಿನ ಪಾದದ ಅಂಚಿಗೆ ಬಟ್ಟೆಯ ಅಂಚು ಹಿಡಿದು ಹೊಲಿದರೆ ಸಾಮಾನ್ಯವಾಗಿ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಏಕೆಂದರೆ ಹೊಲಿಗೆಯ ಮೇಲೆ ಬಟ್ಟೆ ಮಡಚಿಕೊಳ್ಳುವಾಗ ಆ ಮಡಿಕೆಯೂ ಸ್ವಲ್ಪ ನುಂಗುತ್ತದೆ. ಹಾಗಾಗಿ ಹೊಲಿಗೆಯಂಚು ಕಾಲು ಇಂಚಿಗಿಂತ ಒಂದೆರಡು ಎಳೆ ಕಡಿಮೆ ಇದ್ದರೇ ಲೆಕ್ಕ ಸರಿ. ಸೂಜಿಯನ್ನು ಒಂದು ಮೆಟ್ಟಿಲು ಬಲಕ್ಕೆ ಸರಿಸುವ ಸೌಲಭ್ಯ ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಮಶೀನಿನ ಹಾಸಿನ ಮೇಲೆ ದಪ್ಪ ಟೇಪು ನಾಲ್ಕೈದು ಪದರ ಅಂಟಿಸಿ ಗೋಡೆ ಕಟ್ಟಿದರೂ ಸಾಕು. ದಾರ ಬದಲಿಸಿದಾಗ, ದಪ್ಪ ಬಟ್ಟೆಗೆ ಹೋದಾಗ ಈ ಪಟ್ಟಿಗಳನ್ನು ಮತ್ತೆ ಹೊಲಿದು ನೋಡುತ್ತೇನೆ.

ಕತ್ತರಿಸುವ ಸಾಮಾನಿಗೆ ಮಶೀನಿಗಿಂತ ಮೊದಲು ಗಮನ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಪ್ಪಾಗಿ ಕತ್ತರಿಸಿದ ಚೌಕವನ್ನು ಎಂಥ ಮಶೀನೂ ಸರಿ ಮಾಡುವುದಿಲ್ಲ. ಓಲ್ಫಾ ಕಂಪನಿ 1979ರಲ್ಲಿ ಉರುಳುವ ದುಂಡು ಅಲಗಿನ ರೋಟರಿ ಕಟರ್ ತಂದ ಮೇಲೆ ಈ ಕೆಲಸದ ಸ್ವರೂಪವೇ ಬದಲಾಯಿತು. ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸುತ್ತಿದ್ದ ತುಂಡುಗಳನ್ನು ಈಗ ನಾಲ್ಕು ಪದರ ಹಾಸಿ ಒಂದೇ ಎಳೆತಕ್ಕೆ ಕತ್ತರಿಸಬಹುದು. 45 ಮಿ.ಮೀ. ಅಲಗು ಹೆಚ್ಚಿನ ಕೆಲಸಕ್ಕೆ ಒಗ್ಗುತ್ತದೆ. ಬಾಗಿದ ಆಕಾರಗಳಿಗೆ 28, ತುಂಬಾ ಪದರ ಇದ್ದರೆ 60. ಒಂದೇ ಜಾಗದಲ್ಲಿ ನಾಲ್ಕೈದು ಎಳೆ ಕತ್ತರಿಸದೆ ಉಳಿಯತೊಡಗಿದರೆ ಅಲಗಿಗೆ ಅಲ್ಲೊಂದು ಕಚ್ಚು ಬಿದ್ದಿದೆ ಎಂದರ್ಥ, ಬದಲಿಸಿಬಿಡಿ. ಮೊಂಡು ಅಲಗಿನ ಮೇಲೆ ಜೋರು ಹಾಕಿದಾಗಲೇ ಕೈ ಜಾರುವುದು. ಕೆಳಗೆ ಇಡುವ ಪ್ರತಿ ಸಲವೂ ಅಲಗು ಮುಚ್ಚಬೇಕು, ಅದರಲ್ಲಿ ಮುಲಾಜಿಲ್ಲ.

ಜೊತೆಗೆ 6 ಇಂಚು ಅಗಲ, 24 ಇಂಚು ಉದ್ದದ ಪಾರದರ್ಶಕ ಅಳತೆಪಟ್ಟಿ ಮತ್ತು ಅಲಗು ಬಿದ್ದ ಗೆರೆ ತಾನೇ ಕೂಡಿಕೊಳ್ಳುವ ಮ್ಯಾಟು. ಒಂದು ಕೌದಿಗೆ ಒಂದೇ ಕಂಪನಿಯ ಪಟ್ಟಿ ಬಳಸಿದರೆ ಒಳ್ಳೆಯದು, ಗೆರೆಗಳ ದಪ್ಪ ಒಂದರಿಂದ ಒಂದಕ್ಕೆ ಬದಲಾಗುತ್ತದೆ. ಮ್ಯಾಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬಾರದು, ಬಿಸಿಲಿನಲ್ಲೂ ಬಿಡಬಾರದು. ಒಮ್ಮೆ ಸೊಟ್ಟಗಾದರೆ ಮತ್ತೆ ನೇರವಾಗುವುದಿಲ್ಲ.

ಇಸ್ತ್ರಿಯನ್ನೂ ನಾನು ಸಾಧನಗಳ ಸಾಲಿಗೇ ಸೇರಿಸುತ್ತೇನೆ. ಅಂಗಿಗೆ ಉಜ್ಜಿದಂತೆ ಇಲ್ಲಿ ಉಜ್ಜುವುದಲ್ಲ. ಎತ್ತಿ ಇಟ್ಟು, ಒತ್ತಿ, ಮತ್ತೆ ಎತ್ತುವುದು. ಹಾಸಿನ ಎಳೆ, ಹೊಕ್ಕಿನ ಎಳೆ ಎರಡೂ ಅಷ್ಟಾಗಿ ಹಿಗ್ಗುವುದಿಲ್ಲ. ಅವುಗಳ ನಡುವೆ ಓರೆಯಾಗಿ ಹೋಗುವ ಕ್ರಾಸ್ ದಿಕ್ಕು ರಬ್ಬರಿನಂತೆ ಹಿಗ್ಗುತ್ತದೆ. ತ್ರಿಕೋನಗಳ ಉದ್ದನೆಯ ಬದಿ ಇರುವುದೇ ಕ್ರಾಸಿನಲ್ಲಿ, ಹಾಗಾಗಿ ಅವನ್ನು ಉಜ್ಜಿದರೆ ಕೆಟ್ಟಿತು. ಎರಡು ಚೌಕಗಳನ್ನು ಮೂಲೆಯಿಂದ ಮೂಲೆಗೆ ಹೊಲಿದು ಕತ್ತರಿಸಿ, ಎರಡು ತ್ರಿಕೋನ ಕೂಡಿದ ಚೌಕ ಮಾಡುವಾಗ ಲೆಕ್ಕದ ಪ್ರಕಾರ ಮುಗಿದ ಅಳತೆಗೆ ಎಂಟನೇ ಏಳು ಇಂಚು ಸೇರಿಸಿ ಕತ್ತರಿಸಬೇಕು. ನಾನು ಪೂರ್ತಿ ಒಂದು ಇಂಚು ಸೇರಿಸಿ ಕತ್ತರಿಸಿ, ಹೊಲಿದ ಮೇಲೆ ಅಳತೆಗೆ ತಂದುಕೊಳ್ಳುತ್ತೇನೆ. ಬಟ್ಟೆ ಸ್ವಲ್ಪ ಹಾಳು, ನೆಮ್ಮದಿ ಜಾಸ್ತಿ. ಹೊಲಿಗೆಯಂಚುಗಳನ್ನು ಒಂದು ಸಾಲಿನಲ್ಲಿ ಎಡಕ್ಕೂ ಮುಂದಿನ ಸಾಲಿನಲ್ಲಿ ಬಲಕ್ಕೂ ಒತ್ತಿದರೆ ಜೋಡಿಸುವಾಗ ಎರಡು ಉಬ್ಬುಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಬೆರಳು ಹಾಯಿಸಿದರೆ ಅದು ಕೂತಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ, ಪಿನ್ನೂ ಬೇಕಾಗುವುದಿಲ್ಲ.

ಬರೀ ಜೋಡಿಸುವ ಕೆಲಸಕ್ಕಾದರೆ ನೇರ ಹೊಲಿಗೆಯೊಂದನ್ನೇ ಬಲ್ಲ ಹಳೆಯ ಮಶೀನುಗಳೂ ಭೇಷಾಗಿ ಸಾಕು. ಸಿಂಗರ್ ಕಂಪನಿ 1933ರಲ್ಲಿ ತಂದ 221 ಮಾದರಿ, ಫೆದರ್‌ವೇಟ್ ಎಂದು ಹೆಸರಾದದ್ದು, ಅಲ್ಯೂಮಿನಿಯಂ ಮೈ, ತೂಕ ಸುಮಾರು ಐದು ಕಿಲೋ. ಇಂದಿಗೂ ಕೌದಿಗಾರರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಹಳೆಯವುಗಳಲ್ಲಿ ಸೂಜಿ ಇಳಿಯುವುದು ಸಣ್ಣ ದುಂಡು ರಂಧ್ರಕ್ಕೆ. ಝಿಗ್‌ಝಾಗ್ ಮಶೀನಿನಲ್ಲಿ ಸೂಜಿಯ ಕೆಳಗಿನ ತಗಡಿನಲ್ಲಿರುವುದು ಅಗಲವಾದ ಸೀಳು. ಹೊಲಿಗೆ ಶುರು ಮಾಡುವಾಗ ತ್ರಿಕೋನದ ಚೂಪು ತುದಿಯನ್ನು ಮಶೀನು ಒಳಗೆ ನುಂಗುವುದು ಈ ಸೀಳಿನಿಂದಲೇ. ಹೊಸ ಮಶೀನಿಗೂ ಒಂದೇ ರಂಧ್ರದ ತಗಡು ಸಿಗುತ್ತದೆ, ನಾನು ಅದನ್ನೇ ಹಾಕಿಡುತ್ತೇನೆ. ಅದಿರುವಾಗ ಮರೆತು ಝಿಗ್‌ಝಾಗ್‌ಗೆ ತಿರುಗಿಸಿದರೆ ಸೂಜಿ ತಗಡಿಗೆ ಬಡಿದು ಮುರಿಯುತ್ತದೆ, ಇದೊಂದು ಎಚ್ಚರ ಬೇಕು.

ಇನ್ನು ಮೂರು ಪದರದ ಮಾತು. ಅಸಲಿ ಕಷ್ಟ ಇರುವುದು ಇಲ್ಲಿ. ಮಶೀನಿನ ಕೆಳಗಿನ ಹಲ್ಲುಗಳು ಅಡಿಬಟ್ಟೆಯನ್ನು ಮುಂದೆ ತಳ್ಳುತ್ತವೆ. ಮೇಲಿನ ಪಾದ ಮೇಲ್ಬಟ್ಟೆಯನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಸಾಗಿಸುವುದಿಲ್ಲ. ನಡುವೆ ಬ್ಯಾಟಿಂಗ್ ಇರುವುದರಿಂದ ಕೆಳಗಿನ ತಳ್ಳು ಮೇಲಕ್ಕೆ ಪೂರ್ತಿ ಮುಟ್ಟುವುದೂ ಇಲ್ಲ. ಪರಿಣಾಮ, ಮೇಲ್ಬಟ್ಟೆ ಹಿಂದೆ ಬಿದ್ದು, ಒಂದು ಹೊಲಿಗೆ ಇನ್ನೊಂದನ್ನು ದಾಟುವ ಕಡೆ ಸಣ್ಣ ನೆರಿಗೆಯಾಗಿ ನಿಲ್ಲುತ್ತದೆ. ವಾಕಿಂಗ್ ಫುಟ್ ಅನ್ನುವ ದಪ್ಪ ಪಾದಕ್ಕೆ ಮೇಲೂ ಹಲ್ಲುಗಳಿವೆ. ಸೂಜಿಯ ತಿರುಪಿನ ಮೇಲೆ ಕೂರುವ ಒಂದು ತೋಳು ಅವನ್ನು ಕೆಳಗಿನ ಹಲ್ಲುಗಳ ತಾಳಕ್ಕೆ ಸರಿಯಾಗಿ ನಡೆಸುತ್ತದೆ. ಪ್ಫಾಫ್ ಮಶೀನುಗಳಲ್ಲಿ ಈ ಏರ್ಪಾಡು ಹಿಂಬದಿಯಲ್ಲೇ ಕಟ್ಟಿಕೊಂಡು ಬರುತ್ತದೆ, ಐಡಿಟಿ ಅನ್ನುತ್ತಾರೆ. ಮಶೀನು ಕೊಳ್ಳುವ ಮೊದಲು ಅದರ ಪಾದದ ಕಂಬ ಗಿಡ್ಡದ್ದೋ ಎತ್ತರದ್ದೋ ಕೇಳಿಕೊಳ್ಳಿ. ಗಿಡ್ಡದ್ದು, ಅಂದರೆ ಲೋ ಶ್ಯಾಂಕ್, ಆಗಿದ್ದರೆ ಬೇರೆ ಬೇರೆಯವರು ಮಾಡಿದ ಪಾದಗಳು ಧಾರಾಳವಾಗಿ ಸಿಗುತ್ತವೆ. ವಾಕಿಂಗ್ ಫುಟ್ ಹಾಕಿದಾಗ ಹೊಲಿಗೆಯ ಉದ್ದ 3 ಮಿ.ಮೀ. ಇಡುತ್ತೇನೆ. ಜೋಡಿಸುವಾಗ 2ರಿಂದ 2.5 ಸಾಕು.

ಜಾಗ ಅಂದರೆ ಸೂಜಿಯಿಂದ ಬಲಗಡೆಯ ಕಂಬದವರೆಗಿನ ಅಂತರ. ಮನೆಬಳಕೆಯ ಮಾಮೂಲು ಮಶೀನಿನಲ್ಲಿ ಅದು 6–7 ಇಂಚು. ಕ್ವಿಲ್ಟಿಂಗಿಗೆಂದೇ ಮಾಡಿದವುಗಳಲ್ಲಿ 9ರಿಂದ 11. ಕೆಲವೇ ಇಂಚಿನ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಅನ್ನಿಸಬಹುದು. 60 ಇಂಚು ಅಗಲದ ಕೌದಿಯ ನಟ್ಟನಡುವೆ ಹೊಲಿಯುತ್ತಿದ್ದರೆ ಅರ್ಧ ಕೌದಿ ಸುರುಳಿಯಾಗಿ ಆ ಕಂಬದ ಸಂದಿಯಲ್ಲೇ ಕೂರಬೇಕು. ಸುರುಳಿಯೇ ನಾಲ್ಕು ಇಂಚು ದಪ್ಪ ಆದರೆ ಏಳು ಇಂಚಿನಲ್ಲಿ ಕೈಯಾಡಲು ಉಳಿಯುವುದು ಮೂರೇ. ಹನ್ನೊಂದರಲ್ಲಿ ಏಳು. ಮಶೀನು ಆರಿಸುವಾಗ ನಾನು ಉಳಿದದ್ದೆಲ್ಲ ಬದಿಗಿಟ್ಟು ಈ ಅಂತರಕ್ಕೆ ಮಣೆ ಹಾಕಿದೆ. ಅಂಥದ್ದು ಕೈಗೆಟುಕದಿದ್ದರೆ ಸುರುಳಿಯ ಗೊಡವೆ ಬಿಟ್ಟು ಕೌದಿಯನ್ನು ಬ್ಲಾಕು ಬ್ಲಾಕಾಗಿಯೇ ಕ್ವಿಲ್ಟ್ ಮಾಡಿ ಆಮೇಲೆ ಜೋಡಿಸುವ ದಾರಿ ಇದ್ದೇ ಇದೆ. ಸಣ್ಣ ಮಶೀನಿನವರಿಗೆ ಅದೇ ಸೈ.

ಅಂಗಡಿಗೆ ಹೋಗುವಾಗ ನನ್ನದೇ ತುಂಡು ಒಯ್ದಿದ್ದೆ: ಎರಡು ಬಟ್ಟೆ, ನಡುವೆ ಬ್ಯಾಟಿಂಗ್, ಮೇಲ್ಬಟ್ಟೆಯಲ್ಲಿ ನಾಲ್ಕು ಮೂಲೆ ಕೂಡುವ ಒಂದು ಉಬ್ಬು. ಅಲ್ಲಿ ಇಟ್ಟಿರುವ ಗಂಜಿ ಹಾಕಿದ ಗಟ್ಟಿ ಬಟ್ಟೆಯ ಮೇಲೆ ಎಲ್ಲ ಮಶೀನೂ ಚೆನ್ನಾಗಿಯೇ ಹೊಲಿಯುತ್ತದೆ. ಪೆಡಲನ್ನು ಆದಷ್ಟು ಮೆತ್ತಗೆ ಒತ್ತಿ ಆ ಉಬ್ಬಿನ ಮೇಲೆ ಹತ್ತಿಸಿ ನೋಡಿದೆ. ಕೆಲವು ಮಶೀನುಗಳು ನಿಧಾನದಲ್ಲಿ ಗುರ್ರೆಂದು ನಿಂತು, ಇನ್ನಷ್ಟು ಒತ್ತಿದರೆ ಒಮ್ಮೆಲೇ ನುಗ್ಗುತ್ತವೆ. ಅಂಥದ್ದರಲ್ಲಿ ಗೆರೆ ನೇರ ಬರುವುದು ಕಷ್ಟ. ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ನಿಲ್ಲುತ್ತದೆಯೇ, ಪಾದದ ಒತ್ತಡ ಕಡಿಮೆ ಮಾಡಲು ಬರುತ್ತದೆಯೇ, ಹಲ್ಲುಗಳು ಕೆಳಗಿಳಿಯುತ್ತವೆಯೇ, 130/705 ಎಚ್ ಅನ್ನುವ ಮಾಮೂಲು ಸೂಜಿ ಹಿಡಿಸುತ್ತದೆಯೇ ಎಂಬುದನ್ನೂ ನೋಡಿಕೊಂಡೆ. ಕಾರ್ಖಾನೆಯ ನೇರ ಹೊಲಿಗೆ ಮಶೀನುಗಳು ಗಟ್ಟಿಮುಟ್ಟು, ಜಾಗವೂ ಹೆಚ್ಚು. ಆದರೆ ಅವುಗಳ ಸೂಜಿಯ ಜಾತಿಯೇ ಬೇರೆ, ಹಲ್ಲುಗಳೂ ಸಾಮಾನ್ಯವಾಗಿ ಇಳಿಯುವುದಿಲ್ಲ.

ಹಲ್ಲು ಇಳಿಯಬೇಕಾದ್ದು ಫ್ರೀ ಮೋಷನ್‌ಗೆ, ಅಂದರೆ ಕೈಯಲ್ಲೇ ಬಟ್ಟೆ ಆಡಿಸುತ್ತಾ ಬಳ್ಳಿ, ಸುಳಿ ಬಿಡಿಸುವುದಕ್ಕೆ. ಇಲ್ಲಿ ಹೊಲಿಗೆಯ ಉದ್ದ ನಿರ್ಧರಿಸುವುದು ಡಯಲ್ಲಲ್ಲ, ಕೈಯ ವೇಗ ಮತ್ತು ಪೆಡಲಿನ ವೇಗ. ಸುತ್ತು ತಿರುಗುವಾಗ ನಮಗೆ ಗೊತ್ತಿಲ್ಲದೆಯೇ ಕೈ ಓಡುತ್ತದೆ. ಆಗ ಕೆಳದಾರ ಹಿಂಬದಿಯಲ್ಲಿ ನೇರ ಗೆರೆಯಂತೆ ಎಳೆದುಕೊಂಡು, ಮೇಲ್ದಾರದ ಸಣ್ಣ ಸಣ್ಣ ಕುಣಿಕೆಗಳು ರೆಪ್ಪೆಗೂದಲಿನಂತೆ ಸಾಲಾಗಿ ನಿಲ್ಲುತ್ತವೆ. ಅದಕ್ಕೆ ಟೆನ್ಷನ್, ಅಂದರೆ ದಾರದ ಬಿಗಿ, ತಿರುಗಿಸುವ ಮೊದಲು ತಿರುವಿನಲ್ಲಿ ಕೈ ನಿಧಾನ ಮಾಡಿ ನೋಡಿ. ರಬ್ಬರು ತುದಿಯ ಕೈಗವಸು ಹಾಕಿದರೆ ಹಿಡಿತಕ್ಕಾಗಿ ಬೆರಳು ಬಿಗಿಹಿಡಿಯುವುದು ತಪ್ಪುತ್ತದೆ, ಭುಜ ನೋಯುವುದಿಲ್ಲ. ಮಶೀನಿನ ಹಾಸು ಮತ್ತು ಮೇಜು ಒಂದೇ ಮಟ್ಟದಲ್ಲಿದ್ದರೆ ಅರ್ಧ ಗೆದ್ದಂತೆ, ಅಂಚಿನಿಂದ ಇಳಿಬಿದ್ದ ಕೌದಿಯ ಭಾರ ಸೂಜಿಯನ್ನೇ ಬಗ್ಗಿಸುತ್ತದೆ. ಮಶೀನಿನಲ್ಲಿ ಮಾಡಿದ್ದು ಕೈಗೆಲಸಕ್ಕೆ ಸಾಟಿಯಲ್ಲ ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಅಮೆರಿಕದ ಪಡೂಕಾದಲ್ಲಿ ನಡೆಯುವ ದೊಡ್ಡ ಕ್ವಿಲ್ಟ್ ಪ್ರದರ್ಶನದಲ್ಲಿ 1989ರಲ್ಲೇ ಕ್ಯಾರಿಲ್ ಬ್ರಯರ್ ಫಾಲರ್ಟ್ ಮಶೀನಿನಲ್ಲಿ ಕ್ವಿಲ್ಟ್ ಮಾಡಿದ ಕೃತಿ ಮೊದಲ ಬಾರಿಗೆ ಸರ್ವಶ್ರೇಷ್ಠ ಬಹುಮಾನ ಪಡೆಯಿತು. ಆ ವಾದ ನನ್ನ ಮಟ್ಟಿಗೆ ಅಲ್ಲಿಗೇ ಮುಗಿದಿದೆ.

ಅಡಿಯಲ್ಲಿ ದಾರ ಗೂಡುಕಟ್ಟಿದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ಸಾಮಾನ್ಯವಾಗಿ ತೊಂದರೆ ಇರುವುದು ಮೇಲ್ದಾರದಲ್ಲಿ. ಪಾದ ಎತ್ತಿದಾಗ ಮಾತ್ರ ಟೆನ್ಷನ್ ಬಿಲ್ಲೆಗಳು ತೆರೆದುಕೊಳ್ಳುತ್ತವೆ. ಪಾದ ಇಳಿಸಿಟ್ಟು ದಾರ ಪೋಣಿಸಿದರೆ ದಾರ ಬಿಲ್ಲೆಗಳ ಒಳಗೆ ಹೋಗದೆ ಮೇಲೆಯೇ ಕೂರುತ್ತದೆ. ಪಾದ ಎತ್ತಿ, ಪೂರ್ತಿ ಬಿಚ್ಚಿ, ಮತ್ತೆ ಪೋಣಿಸಿ. ಆಮೇಲೂ ಸರಿಹೋಗದಿದ್ದರೆ ತಗಡು ತೆಗೆದು ಬ್ರಶ್ಶಿನಿಂದ ನಾರು ತೆಗೆಯಿರಿ. ಹತ್ತಿ ಬ್ಯಾಟಿಂಗ್ ಉದುರಿಸುವ ನಾರು ಹಲ್ಲುಗಳ ನಡುವೆ ಗಟ್ಟಿ ಪದರವಾಗಿ ಕೂತಿರುತ್ತದೆ. ಅದನ್ನು ಊದಬಾರದು, ಇನ್ನೂ ಒಳಗೆ ಹೋಗುತ್ತದೆ. ದಾರದ ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. ಜೋಡಿಸಲು 50ರ ಹತ್ತಿ ದಾರ ಮತ್ತು 80/12 ಸೂಜಿ, ಕ್ವಿಲ್ಟಿಂಗಿಗೆ 40ರ ದಾರ ಮತ್ತು 90/14 ಸೂಜಿ ನನಗೆ ಒಗ್ಗಿದೆ. ಒಂದು ಮೇಲ್ಬಟ್ಟೆ ಮುಗಿದ ಕೂಡಲೇ ಸೂಜಿ ಬದಲಿಸುತ್ತೇನೆ. ಟಕ್ ಟಕ್ ಎಂದು ಬಟ್ಟೆ ಚುಚ್ಚುವ ಸದ್ದು ಬಂದರೆ ಅದಕ್ಕೂ ಮೊದಲೇ.

ಕ್ವಿಲ್ಟಿಂಗಿಗೆ ಮೊದಲು ಮೂರು ಪದರ ಸರಿಯದಂತೆ ಹಿಡಿಸುವ ಕಚ್ಚಾ ಹೊಲಿಗೆಯ ಜಾಗದಲ್ಲಿ ನಾನು ಬಾಗಿದ ಸೇಫ್ಟಿ ಪಿನ್ನುಗಳ ಪಕ್ಷ. ಅಡಿಬಟ್ಟೆಯನ್ನು ನಾಲ್ಕೂ ಕಡೆ ಮೂರು–ನಾಲ್ಕು ಇಂಚು ಹೆಚ್ಚು ಬಿಟ್ಟು, ನೆಲಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಅಂಗೈ ಅಗಲಕ್ಕೊಂದರಂತೆ ನಡುವಿನಿಂದ ಹೊರಗೆ ಚುಚ್ಚುತ್ತಾ ಹೋಗುವುದು. ಬ್ಯಾಟಿಂಗಿನ ಪೊಟ್ಟಣದ ಮೇಲೆ ಹೊಲಿಗೆ ಸಾಲುಗಳ ನಡುವೆ ಎಷ್ಟು ಅಂತರ ಬಿಡಬಹುದು ಎಂದು ಬರೆದಿರುತ್ತಾರೆ, ಅದನ್ನು ಓದಿಯೇ ವಿನ್ಯಾಸ ಮಾಡಬೇಕು. ಹತ್ತಿಯದು ತೊಳೆದ ಮೇಲೆ ಶೇಕಡಾ 3ರಿಂದ 5 ಕುಗ್ಗಬಹುದು. ಅದರಿಂದ ಬರುವ ನವಿರು ಸುಕ್ಕು ನನಗೆ ಇಷ್ಟ. ಇಷ್ಟವಿಲ್ಲದವರು ಬ್ಯಾಟಿಂಗನ್ನೂ ಬಟ್ಟೆಯನ್ನೂ ಪೊಟ್ಟಣದಲ್ಲಿ ಹೇಳಿದಂತೆ ಮೊದಲೇ ನೆನೆಸಿಕೊಳ್ಳಬೇಕು.

ತೀರಾ ದೊಡ್ಡ ಹಾಸಿಗೆಯಳತೆಯ ಕೌದಿಯನ್ನು ಮಾತ್ರ ನಾನು ಮಶೀನಿಗೆ ತುರುಕುವುದಿಲ್ಲ. 18 ಇಂಚಿಗೂ ಮಿಗಿಲಾದ ತೋಳಿನ ಲಾಂಗ್‌ಆರ್ಮ್ ಮಶೀನು ಇರುವವರಿಗೆ ಕೊಡುತ್ತೇನೆ. ಅಲ್ಲಿ ಬಟ್ಟೆ ಚೌಕಟ್ಟಿನಲ್ಲಿ ನಿಂತಿರುತ್ತದೆ, ಮಶೀನೇ ಓಡಾಡುತ್ತದೆ. ವಾಪಸು ಬಂದ ಮೇಲೆ ಎರಡೂವರೆ ಇಂಚಿನ ಪಟ್ಟಿ ಮಡಚಿ ಅಂಚು ಕಟ್ಟುವುದು ನನ್ನ ಪಾಲಿಗೆ. ಮೂಲೆಗೆ ಕಾಲು ಇಂಚು ಇರುವಾಗ ಹೊಲಿಗೆ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಮಡಚಿ, ಮತ್ತೆ ಕೆಳಗೆ ತಂದು, ಮುಂದಿನ ಬದಿ ಶುರು ಮಾಡಿದರೆ ಮೂಲೆ ಚೂಪಾಗಿ ಕೂರುತ್ತದೆ.