ಮೈಟೊಕಾಂಡ್ರಿಯಾ ಕಾಯಿಲೆಯವರ ಕರುಳು: ಹೊಟ್ಟೆ ತೆರೆಯುವ ಮುಂಚೆ, ತೆರೆದ ಮೇಲೆ

ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 3243ನೇ ಜಾಗದ ದೋಷ ಇರುವವರು ಹೊಟ್ಟೆ ಉಬ್ಬಿ, ವಾಂತಿ ಮಾಡಿಕೊಳ್ಳುತ್ತ ಬಂದಾಗ ಎಕ್ಸ್‌ರೇಯಲ್ಲಿ ಕರುಳು ಕಟ್ಟಿದ ಹಾಗೇ ಕಾಣುತ್ತದೆ. ಎಷ್ಟೋ ಸಲ ಎಲ್ಲೂ ತಡೆ ಇರುವುದಿಲ್ಲ, ತಳ್ಳುವ ಶಕ್ತಿ ಸೋತಿರುತ್ತದೆ ಅಷ್ಟೆ. ಸುಮ್ಮನೆ ತೆರೆದರೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡು, ಮುಂದಿನ ಸಲ ನಿಜವಾದ ತಡೆ ಯಾವುದು, ಸುಳ್ಳು ಯಾವುದು ಅಂತ ಹೇಳುವುದೇ ಕಷ್ಟವಾಗುತ್ತದೆ. ಕಾಯಿಲೆ ಪತ್ತೆಯಾಗಿರದಿದ್ದರೆ ಈ ದೋಷ ತಾಯಿಯಿಂದ ಬರುವುದರಿಂದ ನಾವು ಕೇಳುವುದು: ತಾಯಿಯ ಕಡೆ ಯಾರಿಗಾದರೂ ಸಕ್ಕರೆ ಕಾಯಿಲೆಯ ಜೊತೆ ಕಿವಿ ಮಂದವೇ?

ಮೊದಲು ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬ್, ಸಿಟಿ ಸ್ಕ್ಯಾನ್, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಸರಿಪಡಿಸುವುದು. ದೊಡ್ಡ ಕರುಳು ಮಾತ್ರ ಹಿಗ್ಗಿದ್ದು, ತಡೆಯಾಗಲಿ ತೂತಾಗಲಿ ಇಲ್ಲವೆಂದು ಖಚಿತವಾದರೆ ಕರುಳನ್ನು ಹಿಂಡಿಸುವ ಔಷಧಿ ನಿಯೋಸ್ಟಿಗ್ಮಿನ್ 2 ಮಿ.ಗ್ರಾಂ ನಿಧಾನವಾಗಿ, ಇಸಿಜಿ ಮಾನಿಟರ್ ಹಾಕಿ, ಎದೆಬಡಿತ ತೀರಾ ಇಳಿದರೆ ಕೊಡಲು ಅಟ್ರೋಪಿನ್ ಕೈಗೆಟುಕುವಲ್ಲಿಟ್ಟು ಕೊಡುತ್ತೇವೆ. ಹಾರ್ಟ್ ಬ್ಲಾಕ್, ಅಂದರೆ ಹೃದಯದೊಳಗಿನ ವಿದ್ಯುತ್ ಸಂಕೇತಕ್ಕೆ ತಡೆ, ಇದ್ದರೆ ಕೊಡುವುದೇ ಇಲ್ಲ, ಈ ಕಾಯಿಲೆಯಲ್ಲಿ ಅದೂ ಇರಬಹುದು.

ಎಲ್ಲರೂ ಎಡವುವುದು ರಕ್ತದ ಲ್ಯಾಕ್ಟೇಟ್‌ನಲ್ಲಿ, ಅಂದರೆ ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ಏರುವ ವಸ್ತುವಿನಲ್ಲಿ. ಬೇರೆಯವರಲ್ಲಿ ಅದು ಏರಿದರೆ ಕರುಳಿಗೆ ರಕ್ತ ಹೋಗುತ್ತಿಲ್ಲವೇನೋ ಅಂತ ಓಡುತ್ತೇವೆ. ಇವರಲ್ಲಿ ಹಲವರಿಗೆ ಆರಾಮಾಗಿರುವಾಗಲೇ ಲೀಟರಿಗೆ 2 ಮಿಲಿಮೋಲ್ ದಾಟಿರುತ್ತದೆ. ಹಳೆಯ ರಿಪೋರ್ಟ್ ತರಿಸಿ ಹೋಲಿಸಬೇಕು, ಗಂಟೆಗಂಟೆಗೆ ಏರುತ್ತಿದೆಯೇ ನೋಡಬೇಕು. ಹಾಗಂತ ಕಾಯುತ್ತಲೇ ಕೂರುವುದೂ ಅಪಾಯ: ಹೊಟ್ಟೆ ಗಟ್ಟಿಯಾದರೆ, ಸ್ಕ್ಯಾನ್‌ನಲ್ಲಿ ಕರುಳಿನ ಹೊರಗೆ ಅಥವಾ ಗೋಡೆಯೊಳಗೆ ಗಾಳಿ ಕಂಡರೆ ಥಿಯೇಟರಿಗೇ. ದೊಡ್ಡ ಕರುಳು ಶುರುವಾಗುವ ಚೀಲದಂಥ ಭಾಗವಾದ ಸೀಕಮ್ 12 ಸೆಂ.ಮೀ. ದಾಟಿದರೆ ತೂತಾಗುವ ಭಯ ಹೆಚ್ಚು, ಕೂಡಲೇ ಗಾಳಿ ಇಳಿಸಬೇಕು.

ಉಪವಾಸ ಇವರಿಗೆ ವಿಷ. ಡೆಕ್ಸ್‌ಟ್ರೋಸ್ ಸೇರಿದ ಸಲೈನ್ ಓಡುತ್ತಲೇ ಇರಬೇಕು, ರಿಂಗರ್ ಲ್ಯಾಕ್ಟೇಟ್ ಬೇಡ. ಸಕ್ಕರೆ ಏರಿದರೆ ಇನ್ಸುಲಿನ್ ಸೇರಿಸುತ್ತೇವೆಯೇ ಹೊರತು ಡೆಕ್ಸ್‌ಟ್ರೋಸ್ ನಿಲ್ಲಿಸುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಂದ್. ಅರಿವಳಿಕೆಗೆ ಪ್ರೊಪೊಫಾಲ್ ಒಂದು ಡೋಸ್ ಸಾಮಾನ್ಯವಾಗಿ ನಡೆಯುತ್ತದೆ, ಗಂಟೆಗಟ್ಟಲೆ ಡ್ರಿಪ್ ಬೇಡ. ಹೊಟ್ಟೆ ತುಂಬಿರುವುದರಿಂದ ಬೇಗ ಉಸಿರಿನ ಟ್ಯೂಬ್ ಹಾಕಲೇಬೇಕು. ಅದಕ್ಕೆ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಬಿಟ್ಟು ರೊಕ್ಯುರೋನಿಯಂ, ಜೊತೆಗೆ ಅದರ ಪರಿಣಾಮ ಇಳಿಸುವ ಸುಗಮ್ಮಾಡೆಕ್ಸ್ ಸಿದ್ಧ. ಮೈ ಬೆಚ್ಚಗಿರಲಿ, ನಡುಕ ಶುರುವಾದರೆ ಆಮ್ಲಜನಕದ ಬೇಡಿಕೆ ಜಿಗಿಯುತ್ತದೆ.

ಒಳಗೆ ಕರುಳಿನ ಗೋಡೆ ಕಾಗದದಷ್ಟು ತೆಳುವಾಗಿರಬಹುದು. ಫೋರ್ಸೆಪ್ಸ್‌ನಿಂದ ಹಿಡಿದರೆ ಸೀಳುತ್ತದೆ, ಒದ್ದೆ ಮಾಪ್ ಸುತ್ತಿ ಕೈಯಲ್ಲೇ ಎತ್ತಬೇಕು. ಸತ್ತ ಭಾಗವನ್ನಷ್ಟೇ ತೆಗೆದು, ಹಿಗ್ಗಿದ್ದನ್ನೆಲ್ಲ ಕತ್ತರಿಸುವ ಆಸೆ ಬಿಡಬೇಕು. ತುದಿಗಳನ್ನು ಜೋಡಿಸುವುದಕ್ಕಿಂತ ಸ್ಟೋಮಾ, ಅಂದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿಡುವುದು, ವಾಸಿ ಎಂಬುದು ನಮ್ಮ ಅಭಿಪ್ರಾಯ: ಮುಂದಕ್ಕೆ ತಳ್ಳದ ಕರುಳಿನಲ್ಲಿ ಒತ್ತಡ ಹೊಲಿಗೆಯ ಮೇಲೇ ಬಿದ್ದು ಸೋರುತ್ತದೆ, ಸ್ಟೋಮಾ ಇದ್ದರೆ ಗಾಳಿಗೂ ದಾರಿಯಾಗುತ್ತದೆ. ಮುಚ್ಚುವಾಗ ಹೊಟ್ಟೆ ಬಿಗಿಯಾದರೆ ಎಳೆದು ಹೊಲಿಯದೆ ತೆರೆದೇ ಬಿಡುತ್ತೇವೆ.

ಆಮೇಲೆ ನೋವಿಗೆ ಹೊಟ್ಟೆಗೋಡೆಯ ನರಗಳ ಬ್ಲಾಕ್, ಮಾರ್ಫಿನ್ ಆದಷ್ಟು ಕಡಿಮೆ. ಅದು ಕರುಳನ್ನೂ ಉಸಿರನ್ನೂ ಮಲಗಿಸುತ್ತದೆ. ಬಡಕಲಾದವರಿಗೆ ರಕ್ತನಾಳದ ಮೂಲಕ ಪೂರ್ತಿ ಆಹಾರ ಶುರುಮಾಡುವ ಮುಂಚೆಯೇ ಥಯಾಮಿನ್ (ವಿಟಮಿನ್ ಬಿ1), ಮೊದಲ ದಿನಗಳಲ್ಲಿ ಫಾಸ್ಫೇಟ್ ಮೇಲೂ ಕಣ್ಣು. ಸೋಂಕಿಗೆ ಲಿನೆಝೋಲಿಡ್ ಎಂಬ ಆ್ಯಂಟಿಬಯಾಟಿಕ್ ಬರೆಯುವುದಿಲ್ಲ, ಅದು ಮೈಟೊಕಾಂಡ್ರಿಯಾದ ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತದೆ.