ಡಂಪ್ ಮೇಲೆ ಮೊದಲು ಹುಲ್ಲು: ಬ್ಯಾಂಕ್ ಗ್ಯಾರಂಟಿಯಲ್ಲಿ 30 ಲಕ್ಷ ಇಳಿದದ್ದು ಹೇಗೆ

ಗಣಿ ನಡೆಯುತ್ತಿರುವಾಗಲೇ ಹಳೆಯ ಡಂಪನ್ನು (ಅಗೆದು ಸುರಿದ ಅನುಪಯುಕ್ತ ಮಣ್ಣು-ಕಲ್ಲಿನ ಗುಡ್ಡೆಯನ್ನು) 'ಪೂರ್ತಿ ಪುನಶ್ಚೇತನಗೊಂಡ ಜಾಗ' ಎಂದು ಒಪ್ಪಿಸಲು ಆಗುವುದಿಲ್ಲ, ಅದೇನಿದ್ದರೂ ಫೈನಲ್ ಕ್ಲೋಷರ್ (ಗಣಿಯನ್ನು ಕೊನೆಗೆ ಮುಚ್ಚುವ) ಹೊತ್ತಿಗೆ ಎಂದು ಸಂಡೂರು ಕಡೆಯ ಗಣಿಯವರೆಲ್ಲ ಹೇಳುತ್ತಿದ್ದರು. ನಮ್ಮ ಕಬ್ಬಿಣದ ಅದಿರಿನ ಗಣಿಯಲ್ಲಿ ಅದು ಆಯಿತು. ಹೆಚ್ಚುಕಡಿಮೆ 6 ಹೆಕ್ಟೇರ್ ಕ್ಲೋಷರ್ ಪ್ಲ್ಯಾನಿನ ಫೈನಾನ್ಶಿಯಲ್ ಅಶ್ಯೂರೆನ್ಸ್ (ಗಣಿ ಮುಚ್ಚುವ ಕೆಲಸಕ್ಕೆ ಭದ್ರತೆಯಾಗಿ ಕೊಡುವ ಬ್ಯಾಂಕ್ ಗ್ಯಾರಂಟಿ) ಕೋಷ್ಟಕದ ಲೆಕ್ಕದಿಂದ ಕಳೆಯಲಾಯಿತು. 'ಎ' ವರ್ಗದ (ಭಾರಿ ಯಂತ್ರ ಬಳಸುವ) ಗಣಿಗೆ ಹೆಕ್ಟೇರಿಗೆ 5 ಲಕ್ಷದ ಲೆಕ್ಕ, ಅಂದರೆ ಗ್ಯಾರಂಟಿಯಲ್ಲಿ 30 ಲಕ್ಷ ಇಳಿಯಿತು. 2021ರ ತಿದ್ದುಪಡಿಗೆ ಮುಂಚೆ ದರ 3 ಲಕ್ಷವಿದ್ದಾಗ ಆ ಕಾಲಂ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ.

ಎಲ್ಲ ಡಂಪಿಗೂ ಇದು ನಡೆಯುವುದಿಲ್ಲ. ಕೆಳಗೆ ಅದಿರಿಲ್ಲ ಎಂದು ಬೋರ್‌ಹೋಲ್‌ನಿಂದ ಖಾತ್ರಿಯಾದ ನೆಲದ ಮೇಲಿರಬೇಕು, ಇಲ್ಲದಿದ್ದರೆ ಮುಂದೊಂದು ದಿನ ಎತ್ತಲೇಬೇಕಾದ ಡಂಪು ಅದು. ಒಳಗಿನ ಮಾಲಿನ ಕಬ್ಬಿಣದ ಅಂಶ 45 ಪರ್ಸೆಂಟ್ ಎಫ್‌ಇ ಥ್ರೆಶ್‌ಹೋಲ್ಡ್ ಮೀರಿರಬಾರದು. ಮೀರಿದ್ದರೆ ಅದು ಖನಿಜ, ಬೇರೆಯಾಗಿ ಸ್ಟ್ಯಾಕ್ ಮಾಡಬೇಕಾದದ್ದು. ಹಸಿರು ಹೊದಿಸುವ ಮೊದಲೇ ಬೆಂಚು ಬೆಂಚಿಗೆ (ಡಂಪಿನ ಮೆಟ್ಟಿಲು ಮೆಟ್ಟಿಲಿಗೆ) ಸ್ಯಾಂಪಲ್ ತೆಗೆಸಿ. ಇನ್ನು ಮೇಲ್ತುದಿಯಲ್ಲಿ ಟಿಪ್ಪರ್ ಓಡಾಡುತ್ತಿರುವ ಡಂಪನ್ನು ಯಾರೂ ಒಪ್ಪುವುದಿಲ್ಲ. ಪ್ಲ್ಯಾನಿನಲ್ಲಿ ಅದನ್ನು ನಿಷ್ಕ್ರಿಯ ಎಂದು ತೋರಿಸಿ, ದಾರಿಗೆ ಅಡ್ಡ ಬಂಡ್ ಹಾಕಿದ ಮೇಲೆಯೇ ಮಾತು.

ರೂಢಿಯಲ್ಲಿರುವ ದಾರಿ ಸಸಿ ನೆಡುವುದು. ಇಷ್ಟು ಸಾವಿರ ಸಸಿ ಎಂದು ವರದಿಯಲ್ಲಿ ಬರೆಯಲು ಸುಲಭ. ಆದರೆ ಇಳಿಜಾರಿನಲ್ಲಿ ತೋಡಿದ ಪ್ರತಿ ಗುಂಡಿಯೂ ಮಳೆನೀರು ಒಳನುಗ್ಗುವ ಬಾಯಿ. ಸಡಿಲ ಶೇಲ್ ಮಣ್ಣಿನಲ್ಲಿ ಗುಂಡಿಯಿಂದ ಗುಂಡಿಗೆ ಕೊರಕಲು ಬೀಳುತ್ತದೆ, ಎರಡನೇ ಮಳೆಗಾಲಕ್ಕೆ ಸಸಿಯ ಸಮೇತ ಮಣ್ಣು ಗಾರ್ಲ್ಯಾಂಡ್ ಡ್ರೈನಿಗೆ (ಡಂಪಿನ ಸುತ್ತಲಿನ ಚರಂಡಿಗೆ) ಬಂದಿರುತ್ತದೆ. ಅದರ ಮೇಲೆ ಬೇಸಿಗೆಯ ಟ್ಯಾಂಕರ್ ಖರ್ಚು. ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದ್ದೂ ಹುಲ್ಲಿನ ಮಾತನ್ನೇ: ಗಣಿಗಾರಿಕೆ ನಿಂತ ಮೇಲೆ ಲೀಸುದಾರ ತನ್ನ ಖರ್ಚಿನಲ್ಲಿ ಹುಲ್ಲು ಬೆಳೆಸಿ, ಮೇವು, ಗಿಡ, ಪ್ರಾಣಿಗಳಿಗೆ ತಕ್ಕ ನೆಲ ಮಾಡಿಕೊಡಬೇಕು. ಹೀಗಾಗಿ ಹುಲ್ಲು ಮೊದಲು, ಗಿಡ ಬರ್ಮ್ (ಬೆಂಚುಗಳ ನಡುವಿನ ಸಮತಟ್ಟು ಪಟ್ಟಿ) ಮೇಲೆ ಮಾತ್ರ, ಅದೂ ಮೂರನೇ ವರ್ಷ.

ಹಣ ಹೋಗುವುದು ಹುಲ್ಲಿಗಲ್ಲ, ಜೆಸಿಬಿ ಮತ್ತು ಎಕ್ಸ್‌ಕವೇಟರ್ ಗಂಟೆಗಳಿಗೆ. ಕಾನೂನಿನಂತೆ ಡಂಪ್ ಮುಖ 37.5 ಡಿಗ್ರಿ ಮೀರಬಾರದು, ಇಸಿ (ಪರಿಸರ ಅನುಮತಿ) ಷರತ್ತಿನಲ್ಲಿ ಸಾಮಾನ್ಯವಾಗಿ ಒಟ್ಟು ಇಳಿಜಾರು 28 ಡಿಗ್ರಿ. ಅದಕ್ಕೆ ಕೂಡಿಬರುವಂತೆ 8 ಮೀಟರ್ ಆಸುಪಾಸಿನ ಬೆಂಚು ಮಾಡಿ, ಬರ್ಮನ್ನು ಒಳಕ್ಕೆ ವಾಲಿಸಿದೆವು. ಹೊರಕ್ಕೆ ವಾಲಿದ ಒಂದೇ ಒಂದು ಬರ್ಮ್ ಕೆಳಗಿನ ಇಡೀ ಬೆಂಚನ್ನು ಕೆಡಿಸಬಲ್ಲದು. ಬುಡದಲ್ಲಿ ಗಾರೆಯಿಲ್ಲದ ಕಲ್ಲಿನ ಟೋ ವಾಲ್, ಅದರಾಚೆ ಡ್ರೈನ್, ಡ್ರೈನ್ ಕೊನೆಗೆ ಸೆಟ್ಲಿಂಗ್ ಟ್ಯಾಂಕ್. ಟ್ಯಾಂಕಿನ ಹೂಳು ಮೇ ತಿಂಗಳಲ್ಲಿ ಎತ್ತಿಸದಿದ್ದರೆ ಜೂನಿನ ಮೊದಲ ಜೋರು ಮಳೆಗೇ ಕೆಂಪು ನೀರು ಲೀಸ್ ಬೌಂಡರಿ ದಾಟುತ್ತದೆ.

ಮಣ್ಣು ಜಾರದಂತೆ ಹಾಸುವ ಕಾಯರ್ ಮ್ಯಾಟ್ (ತೆಂಗಿನ ನಾರಿನ ಚಾಪೆ) ನಿಲ್ಲುವುದಿಲ್ಲ ಎನ್ನುವವರು ಅದನ್ನು ಹಾಸುವ ರೀತಿ ನೋಡಬೇಕು. ಕೊರಕಲಿನ ಮೇಲೆ ಹಾಗೆಯೇ ಹಾಸಿದರೆ ಮ್ಯಾಟ್ ಸೇತುವೆಯಂತೆ ನಿಲ್ಲುತ್ತದೆ, ನೀರು ಅಡಿಯಲ್ಲಿ ಹರಿದು ಮಣ್ಣನ್ನು ತಿನ್ನುತ್ತದೆ. ಮೊದಲು ಕೊರಕಲು ತುಂಬಿ ಗುದ್ದಿಸಬೇಕು. ತುದಿಯಲ್ಲಿ ಒಂದಡಿ ಆಳದ ಕಾಲುವೆ ತೋಡಿ, ಮ್ಯಾಟಿನ ಅಂಚನ್ನು ಅದರೊಳಗೆ ಮಡಚಿ ಹೂಳಬೇಕು. ಸುರುಳಿ ಮೇಲಿಂದ ಕೆಳಕ್ಕೆ ಬಿಚ್ಚಬೇಕು, ಅಡ್ಡಡ್ಡ ಅಲ್ಲ. ಪಟ್ಟಿಗಳು ಒಂದರ ಮೇಲೊಂದು ಅರ್ಧ ಅಡಿ ಬರಲಿ, 8 ಎಂಎಂ ಸರಳಿನ ಯು ಪಿನ್ ಹೊಡೆಯಿರಿ. ನೆನಪಿನಂತೆ ಚದರ ಮೀಟರಿಗೆ 80–90 ರೂಪಾಯಿ ಬಿತ್ತು. ಇಡೀ ಡಂಪಿಗೆ ಹಾಸಿದರೆ ಗಿಟ್ಟುವುದಿಲ್ಲ. ಸಡಿಲ ಮುಖಗಳಿಗಷ್ಟೇ, ಸುಮಾರು ಮೂರನೇ ಒಂದು ಭಾಗ, ಸಾಕಾಯಿತು.

ಬೀಜ ಮ್ಯಾಟಿನ ಅಡಿಯಲ್ಲಿ, ಮಣ್ಣಿನ ತೆಳು ಪದರದೊಂದಿಗೆ. ಮೇಲ್ಮಣ್ಣಿನ ರಾಶಿ ಎತ್ತರವಾಗಿ ವರ್ಷಗಟ್ಟಲೆ ಬಿದ್ದಿದ್ದರೆ ಅದರಲ್ಲಿ ಜೀವ ಇರುವುದಿಲ್ಲ, ಗೊಬ್ಬರ ಬೆರೆಸಿ. ಸ್ಟೈಲೋ (ಮೇವಿನ ದ್ವಿದಳ ಗಿಡ) ಜೊತೆಗೆ ಸುತ್ತಲಿನ ಗುಡ್ಡದ ಹುಲ್ಲಿನ ಬೀಜ ಬಳಸಿದೆವು. ಯಾವುದು ಎಷ್ಟು, ಬಿತ್ತುವ ಮುಂಚೆ ಬೀಜಕ್ಕೆ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ನಿಮ್ಮ ಡಂಪಿನ ಮಣ್ಣಿಗೆ ನೀವೇ ಹೊಂದಿಸಿಕೊಳ್ಳಬೇಕಾದದ್ದು ಅದು. ಬೀಜದುಂಡೆಯನ್ನೂ ನೋಡಿದೆವು. ಇಳಿಜಾರಿನಲ್ಲಿ ಉರುಳಿ ಟೋ ವಾಲ್ ಹಿಂದೆ ಗುಡ್ಡೆಯಾಗುತ್ತದೆ, ಬರ್ಮ್ ಮೇಲೆ ಮಾತ್ರ ಮೊಳೆಯುತ್ತದೆ. ಬರ್ಮಿನ ಹೊರ ಅಂಚಿಗೆ ಲಾವಂಚ ಚೆನ್ನಾಗಿ ಕಚ್ಚಿದೆ.

ಕಾಗದದ ಕೆಲಸದಲ್ಲಿ ಹೆಚ್ಚಿನವರು ಸೋಲುವುದು ತಿಂಗಳ ಲೆಕ್ಕದಲ್ಲಿ. 50 ಹೆಕ್ಟೇರ್ ಅಥವಾ ವರ್ಷಕ್ಕೆ 10 ಲಕ್ಷ ಟನ್ ಅಗೆತ, ಇಲ್ಲವೇ ಅದಕ್ಕೂ ಹೆಚ್ಚಿರುವ ಲೀಸಿಗೆ ಡ್ರೋನ್ ಸರ್ವೆ ಏಪ್ರಿಲ್ ಅಥವಾ ಮೇನಲ್ಲಿ, ಬೌಂಡರಿಯಾಚೆ 100 ಮೀಟರ್ ಸೇರಿಸಿ. ಆಗ ಹುಲ್ಲೆಲ್ಲ ಒಣಗಿರುತ್ತದೆ, ಚಿತ್ರದಲ್ಲಿ ಡಂಪು ಬೋಳಾಗಿ ಕಾಣುತ್ತದೆ. ಅದಕ್ಕೇ ಅಕ್ಟೋಬರ್‌ನಲ್ಲಿ ಪ್ರತಿ ಬೆಂಚಿನ ಗೊತ್ತಾದ ಜಾಗಗಳಿಂದ ಅಕ್ಷಾಂಶ-ರೇಖಾಂಶ ಇರುವ ಫೋಟೋ ತೆಗೆದಿಟ್ಟು, ಜುಲೈ 1ರೊಳಗೆ ಕೊಡುವ ಕ್ಲೋಷರ್ ವಾರ್ಷಿಕ ವರದಿಗೆ ಲಗತ್ತಿಸಿದೆವು. ಜೂನ್ 1, ಡಿಸೆಂಬರ್ 1ರ ಇಸಿ ಪಾಲನಾ ವರದಿಯಲ್ಲೂ ಅದೇ ಬೆಂಚು ನಂಬರ್, ಅದೇ ಹೆಕ್ಟೇರ್. ಒಂದರಲ್ಲಿ 6, ಇನ್ನೊಂದರಲ್ಲಿ 6.8 ಇದ್ದರೆ ಕೋಷ್ಟಕ ಅಲ್ಲಿಗೇ ನಿಲ್ಲುತ್ತದೆ. ಇಳಿದದ್ದು ಗ್ಯಾರಂಟಿ ಮಾತ್ರ, ಹೊಣೆಯಲ್ಲ. ಫೈನಲ್ ಕ್ಲೋಷರ್ ಪ್ಲ್ಯಾನ್ ಗಣಿ ಮುಚ್ಚುವ 2 ವರ್ಷ ಮೊದಲೇ ಕೊಡಬೇಕು, ಕೊಡದಿದ್ದರೆ ಉಳಿದ ಗ್ಯಾರಂಟಿಯನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು.

ಈಗ ನಾವು ಹೆಚ್ಚು ಎಚ್ಚರ ವಹಿಸುತ್ತಿರುವುದು ಬೆಂಕಿಯ ಬಗ್ಗೆ. ಫೆಬ್ರವರಿಯಲ್ಲಿ ಒಣಹುಲ್ಲಿಗೆ ಕಿಡಿ ಬಿದ್ದರೆ ಏಪ್ರಿಲ್ ಡ್ರೋನಿನಲ್ಲಿ ಡಂಪು ಕಪ್ಪಗೆ ಕಾಣುತ್ತದೆ, ಮ್ಯಾಟೂ ಉಳಿಯುವುದಿಲ್ಲ. ಜನವರಿ ಮುಗಿಯುವುದರೊಳಗೆ ಡಂಪಿನ ಸುತ್ತ ಮತ್ತು ಒಂದು ಬಿಟ್ಟು ಒಂದು ಬರ್ಮ್ ಮೇಲೆ 3 ಮೀಟರ್ ಅಗಲಕ್ಕೆ ಹುಲ್ಲು ಕೊಯ್ಸಿ ಬೆಂಕಿರೇಖೆ ಮಾಡುತ್ತೇವೆ. ಕೊಯ್ದ ಹುಲ್ಲಿನಿಂದ ಉದುರುವ ಬೀಜವೇ ಮುಂದಿನ ಡಂಪಿಗೆ ಸಾಕಾಗುತ್ತಿದೆ.